ಅರ್ಜಿ ಮೊದಲು ಯಾರದು?

ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು, "ನಾನು ಹೇಳೋ ಮಾತು ಒಂದಾದ್ರೂ ನಿಮ್ಮ ತಲೆಗೆ ಹೋಗುತ್ತಾ?" ಎಂದು ಕೇಳುತ್ತಿದ್ದಾಗ ಸೆಟ್ಟಪ್ಪ ಆಡಬಾರದ ಮಾತೊಂದನ್ನು ಆಡಿಬಿಟ್ಟ.

"ಕೆಳಗಿನ ಎಡಗಡೆ ದವಡೆಹಲ್ಲು ಸವೆದಿದೆ ಕಣೇ. ಆ ಕಡೇಲೇ ಜಾಸ್ತಿ ಅಗೀತೀಯಾ?"

ಪೂರ್ತಿ ಅವನ ತಪ್ಪೇ ಎನ್ನುವಂತಿಲ್ಲ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುವ ಹಲ್ಲಿನ ಸೆಟ್ಟು ತಯಾರಿಸುವುದು ಅವನ ಕಸುಬು. ಯಾರೇ ಬಾಯಿ ತೆರೆದರೂ ಅವನಿಗೆ ಮಾತು ಕೇಳುವ ಮೊದಲು ಹಲ್ಲು ಕಾಣುತ್ತಿತ್ತು. ಸೆಟ್ಟಪ್ಪ ಎಂಬ ಹೆಸರು ಅಂಟಿಕೊಂಡದ್ದೂ ಅದರಿಂದಲೇ.

ಹೆಂಡತಿ ಬಾಯಿ ಮುಚ್ಚಿದಳು. ಮರುದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಕೈಚೀಲ ಹೆಗಲಿಗೇರಿಸಿ, "ಇವತ್ತು ಒಂದು ತೀರ್ಮಾನ ಮಾಡ್ಕೊಂಡೇ ಬರ್ತೀನಿ" ಎಂದು ಹೊರಟಳು. ಬಾಗಿಲನ್ನು ಧಡಾರನೆ ಎಳೆದುಕೊಂಡಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಮೆತ್ತಗೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಮುಚ್ಚಿಕೊಂಡು ಹೋದಳು.

ಮೆಟ್ಟಿಲ ಬುಡದಲ್ಲಿ ಕೆಳಮನೆಯ ಲಿಫ್ಟ್ ಮಾವ ಕಾದು ನಿಂತಿದ್ದರು. ಕೋರ್ಟಿನ ಲಿಫ್ಟಿನಲ್ಲಿ ಗುಂಡಿ ಒತ್ತುತ್ತಲೇ ನಿವೃತ್ತರಾದವರು. ಹತ್ತಿಳಿಯುವ ವಕೀಲರ ಮಾತು ಕೇಳಿ ಕೇಳಿ ಕಾನೂನು ಕಲಿತವರು.

"ನಿನ್ನ ಹೆಂಡ್ತಿ ನನ್ನ ಹತ್ರ ವಕೀಲರ ವಿಳಾಸ ಕೇಳ್ಕೊಂಡು ಹೋದ್ಲಲ್ಲಪ್ಪ. ಡೈವೋರ್ಸಾ?"

ಸೆಟ್ಟಪ್ಪ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. "ಈಗ ನಾನೇನು ಮಾಡ್ಲಿ ಮಾವ?"

"ಓಡು! ಮೊದಲು ಅರ್ಜಿ ಹಾಕಿದವರು ಅರ್ಜಿದಾರರು. ಆಮೇಲಿನವನು ಹೆಚ್ಚುಕಮ್ಮಿ ಕಳ್ಳ ಇದ್ದ ಹಾಗೆ. ಮನೆ, ಮಂಚ, ಮರ್ಯಾದೆ ಎಲ್ಲ ಹೋಗುತ್ತೆ. ಒಬ್ಬ ದೊಡ್ಡ ವಕೀಲರೇ ಹೇಳ್ತಿದ್ರು."

"ಆಮೇಲೆ?"

"ಆಮೇಲೆ ಎರಡನೇ ಮಹಡಿ ಬಂತು. ಅವರು ಇಳಿದುಬಿಟ್ರು."

ಕ್ಲಿನಿಕ್ಕಿಗೆ ಬಂದ ಸೆಟ್ಟಪ್ಪ ಮೇಣದ ಅಚ್ಚಿನಲ್ಲಿ ಹಲ್ಲು ಕೂರಿಸತೊಡಗಿದ. ಯಾರದೋ ಅಜ್ಜನ ಸೆಟ್ಟಿನ ಕೋರೆಹಲ್ಲುಗಳು ಮುಂದೆ ಬಂದು, ಇಡೀ ಸೆಟ್ಟು ಅವನನ್ನೇ ಕಚ್ಚಲು ಕೂತಂತೆ ಕಂಡಿತು. ರಿಸೆಪ್ಷನ್ನಿನ ಅಕ್ಕ ಇಣುಕಿ ನೋಡಿ ವಿಷಯ ಬಾಯಿ ಬಿಡಿಸಿದಳು.

"ಅಯ್ಯೋ, ನನ್ನ ದೊಡ್ಡಮ್ಮನ ಮಗ ಅರ್ಜಿ ಹಾಕೋದ್ರಲ್ಲಿ ಎರಡನೆಯವನಾಗಿ ಹೋದ. ಈಗ ಅವನ ಪಾಲಿಗೆ ಉಳಿದಿರೋದು ಒಂದು ಛತ್ರಿ. ಅದೂ ಬಿಚ್ಚಿಕೊಳ್ಳಲ್ಲ. ಒಳಗೆ ಕುರ್ಚಿ ಮೇಲೆ ಲಾಯರ್ ಮೇಡಂ ಇದ್ದಾರೆ, ಬಾ ಕೇಳೋಣ."

ಲಾಯರ್ ಮೇಡಮ್ಮಿಗೆ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಬಾಯಿತುಂಬ ಹತ್ತಿ ತುರುಕಿ ಹೊರಗೆ ಹೋಗಿದ್ದರು. ಸೆಟ್ಟಪ್ಪ ಕೈಮುಗಿದು ಕೇಳಿದ: "ಮೇಡಂ, ಗಂಡ ಹೆಂಡ್ತೀಲಿ ಡೈವೋರ್ಸಿಗೆ ಯಾರು ಮೊದಲು ಹಾಕ್ತಾರೆ ಅನ್ನೋದು ಮುಖ್ಯಾನಾ?"

ಮೇಡಂ ಎರಡೂ ಕೈ ಜೋರಾಗಿ ಆಡಿಸಿದರು. "ಯಾಉ ಮೊಯ್ಲು ಆಕಿಯೂ ಒಂಯೇ! ಮಯೆಗೋಯಿ ಮಾಆಯಿ!"

"ಕೇಳಿಸ್ತಾ?" ಎಂದಳು ಅಕ್ಕ. "ನೀನೇ ಮೊದಲು ಹಾಕು, ಈಗಲೇ ಹೋಗು ಅಂದ್ರು."

ಸೆಟ್ಟಪ್ಪ ಏಪ್ರನ್ ಬಿಚ್ಚುವುದನ್ನೂ ಮರೆತು ಓಡಿದ. ದಾರಿಯಲ್ಲಿ ಕೈಚೀಲ ಹೆಗಲಿಗೇರಿಸಿದ ಹೆಂಗಸರೆಲ್ಲ ಹೆಂಡತಿಯಂತೆಯೇ ಕಂಡರು. ಕೋರ್ಟಿನ ಎದುರಿನ ಮಹಡಿಯಲ್ಲಿ ತೆಳ್ಳಗಿನ ವಕೀಲನೊಬ್ಬ ಖಾಲಿ ಕೂತಿದ್ದ.

"ಕಾರಣ ಏನು?" ಎಂದ ವಕೀಲ. "ಹೊಡೀತಾರಾ?"

"ಛೆ ಛೆ!"

"ಬೈತಾರಾ?"

"ಬೈತಾಳೆ. ಆದ್ರೆ ನ್ಯಾಯವಾಗೇ ಬೈತಾಳೆ."

"ಊಟ ಹಾಕಲ್ವಾ?"

"ನಾನು ಬೇಡ ಅಂದ್ರೂ ಬಡಿಸ್ತಾಳೆ."

"ಬಲವಂತ!" ವಕೀಲನ ಮುಖ ಅರಳಿತು. "ಒಟ್ಟಾರೆ ಕ್ರೌರ್ಯ ಅಂತ ಬರೀತೀನಿ. ಸಹಿ ಹಾಕಿ."

ಆ ಪದ ನೋಡಿ ಸೆಟ್ಟಪ್ಪ ಪೆನ್ನು ಕೆಳಗಿಟ್ಟ. ಜ್ವರ ಬಂದಾಗ ರಾತ್ರಿಯೆಲ್ಲ ಹಣೆ ಮುಟ್ಟಿ ನೋಡುತ್ತ ಕೂತ ಹೆಂಗಸಿನ ಹೆಸರು ಆ ಪದದ ಪಕ್ಕದಲ್ಲೇ ಇತ್ತು. ಆದರೂ ಆ ಛತ್ರಿ ನೆನಪಾಗಿ, ಕಣ್ಣುಮುಚ್ಚಿ ಸಹಿ ಹಾಕಿದ. ಕೋರ್ಟಿನ ಕಿಟಕಿ ಮುಚ್ಚುವ ಹೊತ್ತಿಗೆ ಅರ್ಜಿ ಒಳಗೆ ಹೋಯಿತು.

ಅವನು ಕ್ಲಿನಿಕ್ಕಿಗೆ ಮರಳಿದಾಗ ಲಾಯರ್ ಮೇಡಂ ಸಂಜೆ ಮತ್ತೊಮ್ಮೆ ಹಲ್ಲು ತೋರಿಸಿಕೊಂಡು, ಕೆನ್ನೆ ಹಿಡಿದುಕೊಂಡು ಹೊರಡುತ್ತಿದ್ದರು. ಈಗ ಮಾತು ಸ್ಪಷ್ಟವಾಗಿತ್ತು.

"ರೀ, ನಾನು ಹೇಳಿದ್ದು ಯಾರು ಮೊದಲು ಹಾಕಿದ್ರೂ ಒಂದೇ ಅಂತ. ಮನೆಗೆ ಹೋಗಿ ಮಾತಾಡಿ ಅಂತ. ಜಡ್ಜು ನೋಡೋದು ಕಾರಣಾನ, ಯಾರು ಮೊದಲು ಓಡಿಬಂದ್ರು ಅಂತ ಅಲ್ಲ. ಹಾಕಿದವರು ಮೊದಲು ಎದ್ದುನಿಂತು ಎಲ್ಲಾ ಸಾಬೀತು ಮಾಡ್ಬೇಕು, ಅಷ್ಟೇ."

ಸೆಟ್ಟಪ್ಪನಿಗೆ ಕಾಲ ಕೆಳಗಿನ ನೆಲ ಲಿಫ್ಟಿನಂತೆ ಇಳಿದುಹೋಯಿತು. ತುಂಬಿದ ಕೋರ್ಟಿನಲ್ಲಿ ಹೆಂಡತಿಯ ಎದುರು ನಿಂತು ಅವಳ ಕ್ರೌರ್ಯವನ್ನು ವಿವರಿಸುವ ತನ್ನನ್ನೇ ನೆನೆಯುತ್ತ ಮನೆಯ ದಾರಿ ಹಿಡಿದ.

ಮನೆಗೆ ಬಂದರೆ ಹೆಂಡತಿ ಅಡುಗೆಮನೆಯಲ್ಲಿದ್ದಳು. ಮುಖ ಶಾಂತವಾಗಿತ್ತು. ಅದನ್ನು ಕಂಡು ಅವನು ಇನ್ನಷ್ಟು ಹೆದರಿದ.

"ಕೂತ್ಕೊಳ್ಳಿ" ಎಂದಳು. "ವಕೀಲರ ಹತ್ರ ಹೋಗಿದ್ದೆ. ಕಾರಣ ಏನಮ್ಮ ಅಂದ್ರು. ಎಷ್ಟು ತಲೆ ಕೆರ್ಕೊಂಡ್ರೂ ಹೇಳ್ಕೊಳ್ಳೋಂಥದ್ದು ಒಂದೂ ಸಿಗಲಿಲ್ಲ. ನನಗೇ ನಗು ಬಂತು. ವಾಪಸ್ ಬಂದೆ."

ಸೆಟ್ಟಪ್ಪನಿಗೆ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ ನಾಲಿಗೆಯ ಕಡಿವಾಣ ಕಳಚಿತು. "ನನಗೂ ಹಂಗೇ ಆಯ್ತು ಕಣೇ! ಆ ವಕೀಲ ಎಷ್ಟು ಕೇಳಿದ್ರೂ ನಿನ್ನ ಮೇಲೆ ಹೇಳೋಕೆ ಒಂದೂ ಸಿಗಲಿಲ್ಲ. ಕೊನೆಗೆ ಅವನೇ ಕ್ರೌರ್ಯ ಅಂತ ಬರ್ಕೊಂಡು ಹಾಕ್ಬಿಟ್ಟ!"

ಹೆಂಡತಿ ಒಲೆ ಆರಿಸಿದಳು. "ಎಲ್ಲಿಗೆ ಹಾಕಿದ?"

"ಕೋ... ಕೋರ್ಟಿಗೆ. ನಾಳೇನೇ ವಾಪಸ್ ತಗೋತೀನಿ! ಆಣೆ ಮಾಡ್ತೀನಿ!"

"ತಗೊಳ್ಳಿ. ನೀವು ತಗೊಂಡ ತಕ್ಷಣ ನಾನು ಹಾಕ್ತೀನಿ."

"ಯಾಕೆ? ಕಾರಣಾನೇ ಇಲ್ಲ ಅಂದ್ಯಲ್ಲ!"

ಹೆಂಡತಿ ಕೈ ಒರೆಸಿಕೊಂಡು ಅವನನ್ನು ನೋಡಿದಳು.

"ಬೆಳಿಗ್ಗೆ ಇರಲಿಲ್ಲ."