ಪಡಸಾಲೆಯಿಂದ ಚಿಂಚೋಳಿಗೆ

ಮಹಾದೇವಮ್ಮ: ಇಳೀರಿ ಅಂದ್ರ ಇಳೀರಿ! ನನ್ನ ತಮ್ಮ ಮೂರು ವಾರದಿಂದ ಫೋನ್ ಎತ್ತವಲ್ಲ. ಬುಧವಾರ ಅವನ ಹೊಸ ಮನಿ ವಾಸ್ತುಶಾಂತಿ ಅದ, ಸ್ವಂತ ಅಕ್ಕಗ ಒಂದು ಕಾರ್ಡ್ ಇಲ್ಲ. ಎಲ್ಲಾ ನಿಮ್ಮ ಈ ಸೈಕಲ್ಲಿಂದ!

ಅಮೃತಪ್ಪ: ಈಗ ಇಳ್ಯಾಕ ಆಗಂಗಿಲ್ಲ. ಇಳೀಬೇಕಂದ್ರ ನಿಲ್ಲಿಸ್ಬೇಕು, ನಿಲ್ಲಿಸಿದ್ರ ಬೀಳ್ತೀನಿ.

ಸುಲೇಪೇಟದ ಹೆಡ್‌ಮಾಸ್ತರ ಅಮೃತಪ್ಪನವರಿಗೆ ಐವತ್ತಾರನೇ ವಯಸ್ಸಿನಲ್ಲಿ ಡಾಕ್ಟರು ಮೊಣಕಾಲಿಗೆ ಒಳ್ಳೆಯದೆಂದು ಸೈಕಲ್ ತುಳಿಯಲು ಹೇಳಿದ್ದರು. ಸೈಕಲ್ ಬರುವುದಿಲ್ಲ ಎಂದು ಬಾಯಿಬಿಡಲು ಮಾಸ್ತರಿಗೆ ನಾಚಿಕೆ. ಬೀದಿಯಲ್ಲಿ ಕಲಿಯೋಣವೆಂದರೆ ಶಾಲೆಯ ಮಕ್ಕಳೆಲ್ಲ ನೋಡುತ್ತಾರೆ. ಹಾಗಾಗಿ ಮೂರು ಉರುಳೆಗಳ ಒಂದು ರೋಲರ್ ತರಿಸಿ, ಪಡಸಾಲೆಯಲ್ಲಿ ಅದರ ಮೇಲೆ ಸೈಕಲ್ ಇಟ್ಟು ತುಳಿಯುತ್ತಿದ್ದರು. ಚಕ್ರ ತಿರುಗುತ್ತಿತ್ತು, ಉರುಳೆ ತಿರುಗುತ್ತಿತ್ತು, ಮಾಸ್ತರು ಇದ್ದಲ್ಲೇ ಇರುತ್ತಿದ್ದರು. ಆದರೆ ಬಲಗೈ ಬಾಗಿಲ ಚೌಕಟ್ಟನ್ನು ಇದುವರೆಗೆ ಒಂದು ಸಲವೂ ಬಿಟ್ಟಿರಲಿಲ್ಲ.

ಮಹಾದೇವಮ್ಮ: 'ದಿನಾ ಮುಂಜಾನಿ ಸೈಕಲ್ ಮ್ಯಾಲ ಚಿಂಚೋಳಿಗಿ ಬಂದು ಹೋಗ್ತೀನಿ' ಅಂತ ಅವನಿಗಿ ಯಾಕ ಹೇಳಿದ್ರಿ?

ಅಮೃತಪ್ಪ: ಈ ಸೈಕಲ್ ಮೀಟರ್ ಹಂಗ ಹೇಳ್ತದ. ಇಲ್ಲಿಂದ ಚಿಂಚೋಳಿಗಿ ಹೋಗಿ ಬರಾಕ ಎಷ್ಟ್ ದೂರ ಅದನೋ ಬರೋಬ್ಬರಿ ಅಷ್ಟೇ ತುಳೀತೀನಿ. ಇದ್ರಾಗ ಸುಳ್ಳೆಲ್ಲಿ ಬಂತು?

ಮಹಾದೇವಮ್ಮ: ಅಂವಾ ಖರೆ ಅಂತ ತಿಳ್ಕೊಂಡಾನ! 'ಮಾಮಾ ದಿನಾ ನನ್ನ ಬಾಗಿಲ ಮುಂದ ಹೋಗ್ತಾರ, ಒಂದಿನ ಒಳಗ ಬಂದು ಚಹಾ ಕುಡಿಲಿಲ್ಲ' ಅಂತ ಊರತುಂಬ ಹೇಳಾಕತ್ತಾನ.

ಅಮೃತಪ್ಪ: ಅಂವಾ ನನ್ನ ನೋಡ್ಯಾನೇನು?

ಮಹಾದೇವಮ್ಮ: ಅಂವಾ ನೋಡಿಲ್ಲ. ಚಿಂಚೋಳಿ ರಸ್ತಾದಾಗಿನ ಚಹಾದಂಗಡಿ ಗನಿಸಾಬ ನೋಡ್ಯಾನಂತ. 'ಮಾಸ್ತರ್ ದಿನಾ ಹೋಗ್ತಾರ, ನನಗ ಕೈನೂ ಬೀಸ್ತಾರ' ಅಂದಾನಂತ.

ಅಮೃತಪ್ಪ: ನೋಡು! ಗನಿಸಾಬ ಸುಳ್ಳ ಹೇಳೋ ಮನಷ್ಯಾ ಅಲ್ಲ.

ಮಹಾದೇವಮ್ಮ: ನೀವು ಈ ಹೊಸ್ತಿಲ ದಾಟಿಲ್ರೀ!

ಅಮೃತಪ್ಪ: ಅದು ಇರ್ಲಿ. ಹ್ಯಾಂಗ ಹೋಗ್ತೀನಂತ ಹೇಳ್ದ? ಅತ್ತಾಗಿತ್ತಾಗ ಹೊಯ್ದಾಡ್ತೀನಂತೋ, ನೆಟ್ಟಗ ಹೋಗ್ತೀನಂತೋ?

ಹೆಂಡತಿ ಮಹಾದೇವಮ್ಮ ಹಣೆ ಬಡಿದುಕೊಂಡಳು.

ಮಹಾದೇವಮ್ಮ: ಇವತ್ತ ಅವನಿಗಿ ಫೋನ್ ಹಚ್ಚಿ ಹೇಳ್ರಿ. 'ನಾ ಮನ್ಯಾಗೇ ತುಳೀತೀನಿ, ನನಗ ಸೈಕಲ್ ಬರಂಗಿಲ್ಲ' ಅಂತ.

ಅಮೃತಪ್ಪ: ನನ್ನ ಇಜ್ಜತ್?

ಮಹಾದೇವಮ್ಮ: ನನ್ನ ತವರುಮನಿ?

ಅಷ್ಟರಲ್ಲಿ ಬಾಗಿಲಲ್ಲಿ ತಮ್ಮನೇ ನಿಂತಿದ್ದ. ಸಂಗಮೇಶ್ವರನ ಕಂಕುಳಲ್ಲಿ ಕಾರ್ಡುಗಳ ಕಟ್ಟು, ಕೈಯಲ್ಲಿ ಥರ್ಮಾಸು.

ಸಂಗಮೇಶ್ವರ: ಅಕ್ಕಾ, ಸುಲೇಪೇಟದಾಗ ಎಲ್ಲಾರಿಗೂ ಕಾರ್ಡ್ ಕೊಟ್ಟೀನಿ. ನಿಮಗ ಕೊಡಂಗಿಲ್ಲ ಅಂತ ಹೇಳಿ ಹೋಗ್ಬೇಕಂತ ಬಂದೀನಿ. ಮೂರು ವಾರ ಈ ಥರ್ಮಾಸ್ ಹಿಡ್ಕೊಂಡು ನಮ್ಮ ಬಾಗಿಲದಾಗ ನಿಂತೀನಿ ನಾ, ಮಾಮಾ ಕಣ್ಣ ತಪ್ಪಿಸಿ ಹೋಗ್ಯಾರ... ಇದೇನಿದು?

ಮಹಾದೇವಮ್ಮ: ಇದೇ ನೋಡಪ್ಪ ಚಿಂಚೋಳಿ ರೋಡು! ನಿಮ್ಮ ಮಾಮಾ ಒಂದಿನಾನೂ ಹೊರಗ ಹೋಗಿಲ್ಲ. ಅವ್ರಿಗಿ ಸೈಕಲ್ಲೇ ಬರಂಗಿಲ್ಲ!

ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಮಾಸ್ತರರ ಮುಖ ಸಣ್ಣದಾಯಿತು. ಸಂಗಮೇಶ್ವರ ರೋಲರಿಗೆ ಒಂದು ಸುತ್ತು ಹಾಕಿ, ಬಗ್ಗಿ ಮೀಟರ್ ನೋಡಿದ. ಮುನಿಸು ಇಳಿಯಿತೆಂದು ಅಕ್ಕ ಉಸಿರು ಬಿಟ್ಟಳು.

ಸಂಗಮೇಶ್ವರ: ಮಾಮಾ, ಚಿಂಚೋಳಿ ಬಂತು ಅಂತ ನಿಮಗ ಈ ಮೀಟರ್‌ನ್ಯಾಗ ತಿಳೀತಿತ್ತೋ ಇಲ್ಲೋ?

ಅಮೃತಪ್ಪ: ತಿಳೀತಿತ್ತು.

ಸಂಗಮೇಶ್ವರ: ತಿಳದ ಮ್ಯಾಲ ಒಂದಿನಾರೆ 'ಸಂಗಮೇಶನ ಮನಿ ಬಂತು' ಅಂತ ಇಳದೀರೇನು?

ಅಮೃತಪ್ಪ: ಪಡಸಾಲ್ಯಾಗ?

ಸಂಗಮೇಶ್ವರ: ಎಲ್ಲಿದ್ರೇನು! ರಸ್ತಾದಾಗ ಹೋಗೋರಿಗಿ ಅವಸರ ಇತ್ತು ಅನ್ಬಹುದು. ತನ್ನ ಮನ್ಯಾಗ ಕುಂತು ನಮ್ಮ ಮನಿ ದಾಟಿ ಹೋದೋರಿಗಿ ಏನನ್ಬೇಕು? ಮನಸ್ನ್ಯಾಗ ಸುದ್ದಾ ಒಂದು ಕಪ್ ಚಹಾ ಕುಡಿಲಿಲ್ಲ ನೀವು!

ಮಹಾದೇವಮ್ಮ: ಅದೂ ಖರೇನೇ ಬಿಡ್ರಿ.

ಅಮೃತಪ್ಪ: ನೀ ಯಾರ ಕಡಿ?

ಮಹಾದೇವಮ್ಮ: ಇವತ್ತರ ಇಳೀರಿ ಅಲ್ಲಿ. ಇನ್ನ ಅರ್ಧ ಕಿಲೋಮೀಟರ್ ಉಳದದ.

ಸಂಗಮೇಶ್ವರ ಬಾಗಿಲ ಬಳಿ ಒಂದು ಕುರ್ಚಿ ಎಳೆದು, 'ಇದು ನಮ್ಮ ಹೊಸ ಮನಿ' ಎಂದು ಅದರ ಮುಂದೆ ನಿಂತ. ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡು ಕಾದ. ಮಾಸ್ತರು ಏದುಸಿರು ಬಿಡುತ್ತ ತುಳಿದರು.

ಮಹಾದೇವಮ್ಮ: ಬಂತು! ಚಿಂಚೋಳಿ ಬಂತು!

ಸಂಗಮೇಶ್ವರ: ಬರ್ರಿ ಮಾಮಾ, ಬರ್ರಿ. ಚಹಾ ತಗೋರಿ.

ಅಮೃತಪ್ಪ: ಎಡಗೈಲೆ ತಗೋಲೇನು?

ಸಂಗಮೇಶ್ವರ: ಹೊಸ ಮನ್ಯಾಗ? ಎಡಗೈಲೆ?

ಬೀಗರ ಮನೆಯ ಮರ್ಯಾದೆ ದೊಡ್ಡದು. ಮಾಸ್ತರರ ಬಲಗೈ ಚೌಕಟ್ಟನ್ನು ಬಿಟ್ಟು ಕಪ್ಪು ಹಿಡಿಯಿತು. ಕೆಳಗಿನ ಚಕ್ರ ನೋಡುವುದನ್ನು ಮರೆತು ಅವರು ಸಂಗಮೇಶ್ವರನ ಮುಖವನ್ನೇ ನೋಡುತ್ತಿದ್ದರು. ಮೂರು ವಾರ ಹೊಯ್ದಾಡಿದ ಸೈಕಲ್ಲು ನೆಟ್ಟಗೆ ಓಡಿತು. ಅವರು ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು.

ಮಹಾದೇವಮ್ಮ: ಏನ್ರಿ! ಚೌಕಟ್ಟ ಬಿಟ್ಟೀರಿ!

ಅಮೃತಪ್ಪ: ಮಾತಾಡಸಬ್ಯಾಡ! ಬಂತು... ನನಗ ಸೈಕಲ್ ಬಂತು!

ಮಾಸ್ತರರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸಂಗಮೇಶ್ವರನಿಗೂ ಬಂತು. ಅವನು ಕಟ್ಟಿನಿಂದ ಒಂದು ಕಾರ್ಡು ಎಳೆದು ಮುಂದೆ ಹಿಡಿದ.

ಸಂಗಮೇಶ್ವರ: ಮಾಮಾ, ಬುಧವಾರ ಜೋಡಿಲೆ ಬರ್ಬೇಕು.

ಶುಭಕಾರ್ಯದ ಕಾರ್ಡನ್ನು ಒಂದು ಕೈಯಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ಮಾಸ್ತರು ಕಪ್ಪನ್ನು ಹೆಂಡತಿಗೆ ಕೊಟ್ಟು, ಎರಡೂ ಕೈ ಚಾಚಿ ಕಾರ್ಡು ಹಿಡಿದು, ಹಣೆಗೆ ಒತ್ತಿಕೊಂಡರು. ಸೈಕಲ್ಲು ಉರುಳೆಯಿಂದ ಜಾರಿತು. ಮಾಸ್ತರು ಸಂಗಮೇಶ್ವರನ ಎದೆಯ ಮೇಲೆ ಬಿದ್ದರು. ಇಬ್ಬರೂ ಸೇರಿ ಹೊಸ ಮನೆಯ ಮೇಲೆ ಬಿದ್ದರು. ಅದರ ಒಂದು ಕಾಲು ಮುರಿಯಿತು.

ಸಂಗಮೇಶ್ವರ (ಕೆಳಗಿನಿಂದ): ಕಡೀಗೂ ನಮ್ಮ ಮನ್ಯಾಗ ಇಳದ್ರಿ ಮಾಮಾ!

ಮಾಸ್ತರು ಎದ್ದು ಮೊಣಕಾಲು ಒರೆಸಿಕೊಂಡರು. ಕಾರ್ಡು ಮಾತ್ರ ಮಡಚಿರಲಿಲ್ಲ.

ಅಮೃತಪ್ಪ: ಮಾದೇವಿ, ಭಾಳ ಹಸಿವಾಗ್ಯಾದ. ತಾಟ ಹಾಕು.

ಮಹಾದೇವಮ್ಮ: ತಾಟ ಸುಲೇಪೇಟದಾಗ ಅದ, ನೀವು ಇನ್ನ ಚಿಂಚೋಳ್ಯಾಗ ಇದ್ದೀರಿ. ತಮ್ಮಾ, ನೀ ಒಳಗ ಬಾ, ನೀ ಖರೇನೇ ಬಂದೀದಿ. ನೀವು ಹತ್ತರಿ, ತುಳೀರಿ! ಹೊಳ್ಳಿ ಬರೋ ಹಾದ್ಯಾಗ ಗನಿಸಾಬಗ ಕೈ ಬೀಸ್ರಿ. ಇವತ್ತರ ಅಂವಾ ಹೇಳಿದ್ದು ಖರೆ ಆಗ್ಲಿ.