ಹಾವಗೆಪ್ಪ ಸೀಲ್ ಒಡೆದು ತೋರಿಸಿದ್ದು

ಎದುರು ನಿಂತ ಗಿರಾಕಿಯನ್ನು ತೂಗಲು ಹಾವಗೆಪ್ಪನಿಗೆ ತಕ್ಕಡಿ ಬೇಕಿರಲಿಲ್ಲ. ಧೂಳು ತಿಂದ ಚಪ್ಪಲಿ. ಬಳೆಯ ಸಂದಿಯಲ್ಲಿ ಭಾಲ್ಕಿ ಬಸ್ಸಿನ ಟಿಕೆಟ್ಟು. ಹೆಗಲಲ್ಲಿ ಉಬ್ಬಿದ ಚೀಲ, ಒಳಗೆ ಬುತ್ತಿಯೇ ಇರಬೇಕು. ನಾಲ್ಕು ಮಾತಾಡಿ, ಒಂದು ಲೋಟ ನೀರು ಕುಡಿದು, ಹೇಳಿದ ಬೆಲೆಗೇ ಒಯ್ಯುವ ಪೈಕಿ ಎಂದು ಅಂದಾಜು ಕಟ್ಟಿದ್ದ. ಅಂದಾಜು ಕೆಟ್ಟು ಅರ್ಧ ತಾಸಾಗಿತ್ತು. ಕೇಶರಬಾಯಿ ಕೌಂಟರ್ ಬಿಟ್ಟು ಕದಲಿರಲಿಲ್ಲ.

ಕೇಶರಬಾಯಿ: ಚಾಲೂ ಮಾಡಿ ತೋರಸ್ರಿ ಸೇಠ್ಜಿ, ಆಮ್ಯಾಲ ಒಯ್ತೇನಿ.

ಹಾವಗೆಪ್ಪ: ಸೀಲ್ ಒಡದ್ರ ಅದು ಹಳೇ ಮಾಲ್ರಿ ಅಕ್ಕೋರ. ಹಳೇ ಮಾಲು ನಾ ಮಾರೂದಿಲ್ಲ.

ಕೇಶರಬಾಯಿ: ಸತ್ತ ಮಾಲು ಮಾರ್ತೀರೇನು?

ಬೀದರದ ಚಿದ್ರಿಯ ಆ ಅಂಗಡಿ ಮೊದಲು ಪಂಪ್‌ಸೆಟ್ಟಿನದು. ಬರದ ಮೇಲೆ ಬರ ಬಿದ್ದು ಬಾವಿಗಳು ಬತ್ತಿದವು. ಪಂಪು ಕೇಳಲು ಔರಾದದಿಂದ ಬರುತ್ತಿದ್ದವರೇ ಈಗ ಪಕ್ಕದ ನಜಮೋದ್ದೀನನ ಅಂಗಡಿಗೆ ಪುಣೆ ಬಸ್ಸಿನ ಟಿಕೆಟ್ಟಿಗೆ ಬರುತ್ತಿದ್ದರು. ಹಾವಗೆಪ್ಪ ಕಂಪ್ಯೂಟರ್ ಸಾಮಾನಿಗೆ ಹೊರಳಿದ. ಹೊರಳಿದ್ದು ಬೋರ್ಡು ಮಾತ್ರ. ತಲೆ ಇನ್ನೂ ಪಂಪಿನ ಮೂರು ಎಚ್‌ಪಿಯಲ್ಲೇ ಓಡುತ್ತಿತ್ತು.

ಕೇಶರಬಾಯಿ: ನಾಳಿ ಮುಂಜಾನಿ ನಮ್ಮ ಸಾಯಗಾಂವ ಪಂಚಾಯತಿದಾಗ ಬರಗಾಲದ ಕೆಲಸಕ್ಕ ಹೆಸರು ಬರ್ಸೋದದ. ಕಂಪ್ಯೂಟರ್ ಐದು, ನೆಟ್ಟಿನ ಲೈನ್ ಒಂದೇ. ಈ ಸ್ವಿಚ್ ಡಬ್ಬಿ ಅದನ್ನ ಐದಕ್ಕೂ ಹಂಚಬೇಕು. ಹೆಸರು ಹತ್ತಿದ್ರ ಮಂದಿ ಊರಾಗ ಉಳೀತಾರ. ಇಲ್ಲಂದ್ರ ಮಧ್ಯಾಹ್ನ ಹೈದರಾಬಾದಿನ ಟೆಂಪೋ ಹತ್ತತಾರ. ಕೆಟ್ಟದ್ದು ಬದಲು ಮಾಡ್ಲಿಕ್ಕ ತಿರುಗಿ ಬರೂ ಯಾಳೆ ನನಗಿಲ್ರಿ.

ಹಾವಗೆಪ್ಪ: ಕಂಪನಿಯವರು ನೋಡೇ ಸೀಲ್ ಹಾಕಿರ್ತಾರ್ರಿ!

ಕೇಶರಬಾಯಿ: ಆ ಮೂಲ್ಯಾಗ ನೀರಿನ ಹೊಸ ಮಡಕಿ ಇಟ್ಟೀರಲ್ಲ, ಬಡದು ನೋಡಿ ತಂದೀರೋ, ಹಂಗೇ ತಂದೀರೋ?

ಹಾವಗೆಪ್ಪ: ಬಡೀಲಾರ್ದ ಯಾರರ ತರ್ತಾರೇನ್ರಿ? ನಾಕು ಬಡದು ಒಂದು ಆರ್ಸಿದೆ.

ಕೇಶರಬಾಯಿ: ಕುಂಬಾರ ಸುಮ್ಮನಿದ್ನಾ?

ಹಾವಗೆಪ್ಪ: ಅವ ಏನಂತಾನ? ರೊಕ್ಕ ಕೊಡಾವ ಬಡದು ನೋಡಾವನೇ...

ಮಾತು ಹೊರಬಿದ್ದ ಮೇಲೆ ಹಾವಗೆಪ್ಪನಿಗೆ ಉಳಿದದ್ದು ಕತ್ತರಿ ಹುಡುಕುವುದೊಂದೇ. ಡಬ್ಬಿ ಬಿಚ್ಚಿ ಕರೆಂಟ್ ಕೊಟ್ಟ. ಎಲ್ಲ ದೀಪಗಳೂ ಒಮ್ಮೆ ಹೊತ್ತಿ, ಒಂದು ಬಿಟ್ಟು ಉಳಿದವು ಆರಿದವು.

ಹಾವಗೆಪ್ಪ: ಹೋಯ್ತು! ಸೀಲ್ ಒಡೀಬ್ಯಾಡ್ರಿ ಅಂದಿರ್ಲಿಲ್ಲಾ?

ಕೇಶರಬಾಯಿ: ಉಳದವು ವಾಯರ್ ಚುಚ್ಚಿದ ಮ್ಯಾಲ ಹತ್ತತಾವ್ರಿ.

ಹಾವಗೆಪ್ಪ: ನನಗ ಗೊತ್ತದ. ನಿಮಗ ಗೊತ್ತದೋ ಇಲ್ಲೋ ನೋಡ್ದೆ.

ಅಂಗಡಿಯ ಲೈನನ್ನು ಒಂದು ತೂತಿಗೆ ಚುಚ್ಚಿದ. ಗಿಡ್ಡ ವಾಯರೊಂದನ್ನು ಇನ್ನೊಂದಕ್ಕೆ ಚುಚ್ಚಿದ. ಅದರ ಮತ್ತೊಂದು ತುದಿ ಸುಮ್ಮನೆ ಜೋತಾಡುವುದು ನಷ್ಟವೆನಿಸಿ, ಅದನ್ನೂ ಅದೇ ಡಬ್ಬಿಯ ಮೂರನೆಯ ತೂತಿಗೆ ಸಿಕ್ಕಿಸಿದ. ದೀಪಗಳು ಹುಚ್ಚೆದ್ದು ಮಿಣುಕಿದವು.

ಹಾವಗೆಪ್ಪ: ನೋಡ್ರಿ, ಹ್ಯಾಂಗ ಓಡ್ಲಿಕತ್ತದ! ಮೋಟಾರ್ ಗುಡುಗಿದಷ್ಟೂ ನೀರು ಜಾಸ್ತಿ.

ಕೇಶರಬಾಯಿ: ಸೇಠ್ಜಿ, ಆ ವಾಯರ್...

ಹಾವಗೆಪ್ಪ: ನಡು ಬಾಯಿ ಹಾಕಬ್ಯಾಡ್ರಿ.

ಅಷ್ಟರಲ್ಲಿ ನಜಮೋದ್ದೀನ ಓಡಿಬಂದ.

ನಜಮೋದ್ದೀನ: ಸೇಠ್, ನೆಟ್ ಬಂದ್! ಅರ್ಧಾ ಟಿಕೆಟಿಗೆ ನಿಂತದ. ಮಂದಿ ನನ್ನ ಕಾಲರ್ ಹಿಡೀಲಿಕತ್ತಾರ!

ಹಾವಗೆಪ್ಪ: ನಿನ್ನ ಕಂಪ್ಯೂಟರ್ ಮುದಿ ಆಗ್ಯಾದ. ನಂದು ನೋಡು, ಹ್ಯಾಂಗ ಕುಣೀತದ!

ನಜಮೋದ್ದೀನ: ಇಬ್ಬರದೂ ಲೈನ್ ಒಂದೇ ಅಲ್ಲೇನು?

ಹಾವಗೆಪ್ಪ: ಹಂಗಾದ್ರ ಯಾರೋ ರಸ್ತಾ ಅಗದಾರ. ನೀ ನಡಿ, ನಾ ನೋಡ್ತೇನಿ.

ನಜಮೋದ್ದೀನ ಅತ್ತ ಹೋದೊಡನೆ ಕೇಶರಬಾಯಿ ಗಿಡ್ಡ ವಾಯರನ್ನು ಕಿತ್ತಳು. ದೀಪಗಳು ತಣ್ಣಗಾದವು.

ಕೇಶರಬಾಯಿ: ಎರಡೂ ತುದಿ ಇದ್ರಾಗೇ ಚುಚ್ಚಿದ್ರಿ. ತಾ ಆಡಿದ್ದು ತನ್ನ ಕಿವಿಗೇ ತಿರುಗಿ ಬಂದ್ರ ಡಬ್ಬಿ ಒದರಾಡ್ತದ್ರಿ, ಯಾರ ಮಾತೂ ಮುಂದ ಹೋಗೂದಿಲ್ಲ. ಭಾಲ್ಕಿ ಟ್ರೇನಿಂಗದಾಗ ನಾನೂ ಹಿಂಗೇ ಕುಣಿಸಿದ್ದೆ. ಪೂರಾ ಹಾಲ್ ಬಂದ್!

ಪಕ್ಕದಿಂದ "ಬಂತು! ಬಂತು!" ಎಂಬ ಕೂಗು ಕೇಳಿತು.

ಹಾವಗೆಪ್ಪ: ಮೊದಲೇ ಹೇಳಬಾರ್ದೇನ್ರಿ?

ಕೇಶರಬಾಯಿ: ನಡು ಬಾಯಿ ಹಾಕಬ್ಯಾಡಂದ್ರಿ.

ಬುತ್ತಿಯ ಚೀಲದಿಂದ ಲ್ಯಾಪ್‌ಟಾಪು ಹೊರಬಂತು. ಅವಳು ಒಂದೊಂದೇ ತೂತಿಗೆ ವಾಯರ್ ಚುಚ್ಚಿ ನೋಡಿದಳು. ಕಡೆಯ ತೂತಿನ ದೀಪ ಹೊತ್ತಲಿಲ್ಲ. ವಾಯರ್ ಬದಲಿಸಿದರೂ ಹೊತ್ತಲಿಲ್ಲ.

ಕೇಶರಬಾಯಿ: ಇದು ಹುಟ್ಟಾ ಸತ್ತದ. ಹೇಳ್ರಿ, ಕಂಪನಿಯವರು ನೋಡೇ ಸೀಲ್ ಹಾಕಿರ್ತಾರ?

ಹಾವಗೆಪ್ಪ ಎರಡನೆಯ ಡಬ್ಬಿಗೆ ತಾನೇ ಕತ್ತರಿ ಹಾಕಿದ. ಅವಳು ನೋಡುವಷ್ಟು ಹೊತ್ತೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಎಲ್ಲ ದೀಪಗಳೂ ಹೊತ್ತಿದವು. ಕೇಶರಬಾಯಿ ದುಡ್ಡು ಎಣಿಸಿಟ್ಟು ಆ ಡಬ್ಬಿಯನ್ನು ಚೀಲಕ್ಕೆ ಹಾಕಿದಳು.

ನಜಮೋದ್ದೀನ ಚಹಾದ ಕಪ್ಪು ಹಿಡಿದು ಬಂದ. ನೀರಿನ ಆ ತುಟ್ಟಿ ಕಾಲದಲ್ಲಿ ಅದು ಸಣ್ಣ ಮರ್ಯಾದೆಯಲ್ಲ.

ನಜಮೋದ್ದೀನ: ಸೇಠ್, ಕಮಾಲ್! ನೋಡ್ತೇನಿ ಅಂದವ್ರೇ ಸರಿ ಮಾಡಿದ್ರಲ್ಲ! ಹ್ಯಾಂಗ?

ಹಾವಗೆಪ್ಪ ಕೇಶರಬಾಯಿಯತ್ತ ನೋಡಿದ. ಅವನ ಮರ್ಯಾದೆ ಈಗ ಅವಳ ಚೀಲದಲ್ಲಿತ್ತು.

ಕೇಶರಬಾಯಿ: ಸೇಠ್ಜಿ ಕೈ ಹಾಕಿದ್ದಕ್ಕೇ ಆಗಿದ್ದು ನೋಡ್ರಿ, ಎಲ್ಲಾ.

ಹಾವಗೆಪ್ಪ ಕಪ್ಪನ್ನು ಅವಳ ಮುಂದೆ ಹಿಡಿದ.

ಕೇಶರಬಾಯಿ: ನೀವೇ ಕುಡೀರಿ, ನನಗ ಬಸ್ಸದ. ಬೀದರದಾಗ ಸೀಲ್ ಒಡದು ತೋರ್ಸೋ ಅಂಗಡಿ ಒಂದದ ಅಂತ ಊರಾಗ ಹೇಳ್ತೇನಿ.

ಮರುದಿನ ಸಾಯಗಾಂವದಿಂದ ಟೆಂಪೋ ಖಾಲಿಯೇ ಹೋಯಿತಂತೆ. ಹಾವಗೆಪ್ಪ ಈಗ ಸೀಲ್ ಒಡೆಯದೆ ಯಾವ ಡಬ್ಬಿಯನ್ನೂ ಮಾರುವುದಿಲ್ಲ. ಅದು ತನ್ನದೇ ಪದ್ಧತಿ ಎಂದು ಗಿರಾಕಿಗಳಿಗೆ ಹೇಳುತ್ತಾನೆ. ಅಂದಿನ ಚಹಾ ಮಾತ್ರ ತನ್ನದಲ್ಲ ಎಂದು ಅವನಿಗೆ ಗೊತ್ತು. ಕೇಶರಬಾಯಿಗೆ ಅವನು ಒಂದು ಕಪ್ಪು ಚಹಾ ಕೊಡುವುದು ಬಾಕಿ ಇದೆ, ಅದೂ ನಜಮೋದ್ದೀನನ ಎದುರಿಗೇ, ನಿಜ ಹೇಳಿ.