ಲಂಡನ್ ನೋಡದ ಅತ್ತೆ ಮತ್ತು ಮ್ಯಾನೇಜರರ ಪಾಗಾರ

ನಮ್ಮ ಅತ್ತೆ ಮೂರು ವರ್ಷ ಇಂಗ್ಲೆಂಡಿನಲ್ಲಿದ್ದು ಲಂಡನ್ ನೋಡದೆ ವಾಪಸು ಬಂದಳು. ಇಡೀ ಭಟ್ಕಳ ತಾಲೂಕಿನಲ್ಲಿ ಇಂಥ ಸಾಧನೆ ಮಾಡಿದವರು ಇನ್ನೊಬ್ಬರಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ವಿಮಾನ ಇಳಿದದ್ದೇನೋ ಲಂಡನ್ನಿನಲ್ಲೇ. ಅಲ್ಲಿಂದ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟರಂತೆ, ಅತ್ತೆಗೆ ನಿದ್ದೆ ಹತ್ತಿತಂತೆ, ಎಚ್ಚರವಾದಾಗ ನೋಡಿದರೆ ಸುತ್ತಲೂ ಕುರಿ. "ಅಲ್ಲಿಂದ ಮುಂದೆ ಮೂರು ವರ್ಷ ಕುರಿಯೇ" ಎನ್ನುತ್ತಾಳೆ.

ಅತ್ತೆ ಎಂದರೆ ಅಪ್ಪನ ತಂಗಿ. ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎಂದಷ್ಟೇ ಹೇಳುತ್ತಿದ್ದಳು. ಎರಡು ಸಾವಿರನೇ ಇಸವಿಯ ಆಚೀಚೆ, ಇಂಗ್ಲೆಂಡಿನವರು ನಮ್ಮ ಕಡೆಯ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಅತ್ತೆ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಸಂದರ್ಶನ ಕೊಟ್ಟು ಬಂದಿದ್ದಳು. ಮನೆಯಲ್ಲಿ ಬಾಯಿಬಿಟ್ಟದ್ದು ವೀಸಾ ಕೈಗೆ ಬಂದ ಮೇಲೆ.

"ಎಂತಕ್ಕೆ ಹೋಗೂದು?" ಎಂದು ಅಪ್ಪ ಕೇಳಿದ.

"ನೋಡೂಕೆ."

"ಎಂತ ನೋಡೂಕೆ?"

"ಹೋಗದೆ ಹ್ಯಾಂಗೆ ಹೇಳೂದು?" ಎಂದಳು ಅತ್ತೆ.

ಅವಳು ಸೇರಿಕೊಂಡದ್ದು ಒಂದು ಹಳ್ಳಿಯ ವೃದ್ಧಾಶ್ರಮಕ್ಕೆ. ನಾನಾಗ ಕುಮಟೆಯಲ್ಲಿ ಕಾಲೇಜು ಓದುತ್ತಿದ್ದೆ. ಭಾನುವಾರ ನಮ್ಮೂರು ಕಾಯ್ಕಿಣಿಗೆ ಬಂದಾಗ ಅವಳ ಕಾಗದವನ್ನು ಎಲ್ಲರಿಗೂ ಓದಿ ಹೇಳುವುದು ನನ್ನ ಕೆಲಸ. ಅವಳಿದ್ದ ಊರಿನಲ್ಲಿ ಒಂದೇ ಬೀದಿ, ಒಂದು ಇಗರ್ಜಿ, ಒಂದು ಅಂಗಡಿ. ಪೋಸ್ಟಾಫೀಸೂ ಆ ಅಂಗಡಿಯೊಳಗೇ. ಬಸ್ಸು ವಾರಕ್ಕೆ ಎರಡು ದಿನ. ಅವಳು ಬೆಳಿಗ್ಗೆ ಮೊಟ್ಟೆ ಕೊಂಡರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಇದನ್ನೆಲ್ಲ ಕೇಳಿ ಅಮ್ಮ, "ಇದು ಕಾಯ್ಕಿಣಿಯೇ ಅಲ್ದಾ?" ಎಂದಳು. ಮುಂದಿನ ಕಾಗದದಲ್ಲಿ ಅತ್ತೆಯೇ ಒಪ್ಪಿಕೊಂಡಿದ್ದಳು: "ಎಲ್ಲ ನಮ್ಮಲ್ಲಿಯ ಹಾಗೆಯೇ. ದಾರಿಯಲ್ಲಿ ಸಿಕ್ಕವರೆಲ್ಲ ನಗುತ್ತಾರೆ, ಮಳೆ ಬಿಸಿಲಿನ ಸುದ್ದಿ ಮಾತಾಡುತ್ತಾರೆ. ಆದರೆ ಮನೆಯೊಳಗೆ ಬಾ ಎಂದು ಯಾರೂ ಕರೆಯುವುದಿಲ್ಲ."

ಆಶ್ರಮದ ಹಿಂದಿನ ಒಂದು ಕೋಣೆಯಲ್ಲಿ ಅವಳ ವಾಸ. ಒಂದು ದಿನ ಊರಿಂದ ಒಯ್ದಿದ್ದ ಒಣ ಬಂಗಡೆಯನ್ನು ಹುರಿದಳು. ಚಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರವೊಂದು ಇತ್ತು. ಅದು ಕೂಗಿತು. ಇಪ್ಪತ್ತಾರು ಮುದುಕ ಮುದುಕಿಯರನ್ನು ಕಂಬಳಿ ಹೊದಿಸಿ, ಗಾಲಿಕುರ್ಚಿ ಸಮೇತ ಹೊರಗೆ ಹುಲ್ಲಿನ ಮೇಲೆ ಸಾಲಾಗಿ ತಂದು ನಿಲ್ಲಿಸಿದರು. ಬೆಂಕಿ ಆರಿಸುವ ಗಾಡಿ ಬಂತು. ತನ್ನ ಕೆಲಸ ಹೋಯಿತೆಂದೇ ಅತ್ತೆ ಪೆಟ್ಟಿಗೆ ಕಟ್ಟಲು ಕೂತಿದ್ದಳು. ಹಾಗೇನೂ ಆಗಲಿಲ್ಲ. ಮರುದಿನ ಮೂರು ಜನ ಮುದುಕರು ಅವಳನ್ನು ಕರೆದು ಗುಟ್ಟಿನಲ್ಲಿ ಕೇಳಿದರಂತೆ: "ಸಿಸ್ಟರ್, ಮತ್ತೆ ಯಾವಾಗ ಮೀನು ಹುರಿಯುತ್ತೀ?" ಅವರು ಹೊರಗಿನ ಗಾಳಿ ಕುಡಿದು ಐದು ತಿಂಗಳಾಗಿತ್ತು.

ವೀಸಾ ಮುಗಿಸಿ ಅತ್ತೆ ವಾಪಸು ಬಂದಾಗ ಕೇರಿಯವರೆಲ್ಲ ಫೋಟೋ ನೋಡಲು ಸೇರಿದರು. ರಾಣಿಯ ಅರಮನೆ, ದೊಡ್ಡ ಗಡಿಯಾರ ಎಂದು ಕಾದಿದ್ದವರಿಗೆ ಸಿಕ್ಕಿದ್ದು ಎಂತ? ಮರದ ಒಂದು ಗೇಟು.

"ಇದು ಎಂತ?" ಎಂದ ಅಪ್ಪ.

"ಗದ್ದೆ ದಾಟೂಕೆ ಗೇಟು."

"ಮತ್ತಿದು?"

"ಅದೇ ಗೇಟು. ಆಚೆ ಬದಿಯಿಂದ."

ಅಪ್ಪ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಇದು ನಮ್ಮ ಗದ್ದೆ ಬೇಲಿಯ ದಣಪೆ ಅಲ್ದಾ ಮಾರಾಯ್ತಿ. ದಣಪೆ ನೋಡೂಕೆ ಅಷ್ಟು ದೂರ ಹೋದ್ಯಾ?"

ಅತ್ತೆಗೆ ಸಿಟ್ಟು ಬರಲಿಲ್ಲ. ಆ ಹಳ್ಳಿಯಲ್ಲಿ ಯಾರದ್ದೋ ಗದ್ದೆಯ ನಡುವೆ ಕಾಲುದಾರಿ ಇರುತ್ತದೆಂದೂ, ಯಾರು ಬೇಕಾದರೂ ನಡೆಯಬಹುದೆಂದೂ, ದಾಟಿದ ಮೇಲೆ ಗೇಟು ಹಾಕಿದರೆ ಆತು ಎಂದೂ ವಿವರಿಸಿದಳು. "ಯಾರೂ ನಡೀದಿದ್ರೆ ದಾರಿ ಸತ್ತು ಹೋಗ್ತದೆ ಅಂತ ಅವ್ರು ಬೇಕಂತಲೇ ನಡೀತ್ರು" ಎಂದಳು. ಕೇರಿಯವರು ಚಾ ಕುಡಿದು ಎದ್ದು ಹೋದರು.

ಅಲ್ಲಿಂದ ಅವಳು ತಂದದ್ದು ಚಾಕಲೇಟು ಮತ್ತು ಹವೆಯ ಮಾತು. ಎದುರು ಬಂದವರನ್ನೆಲ್ಲ ನಿಲ್ಲಿಸಿ ಹವೆಯ ಸುದ್ದಿ ಎತ್ತುವುದು ಅಭ್ಯಾಸವಾಗಿಬಿಟ್ಟಿತ್ತು. ಜುಲೈ ತಿಂಗಳು, ಮೂರು ವಾರದಿಂದ ಮಳೆ ಬಿಡದೆ ಹೊಯ್ಯುತ್ತಿದೆ. ತೆಂಗಿನಗುಂಡಿಯಿಂದ ಮೀನು ತರುವ ಹೆಂಗಸಿಗೆ ಅತ್ತೆ ವಿನಯದಿಂದ ಹೇಳುತ್ತಾಳೆ, "ಮಳೆ ಬರೂ ಹಂಗೆ ಕಾಣ್ತದೆ."

ಅವಳು ಬುಟ್ಟಿ ಇಳಿಸಿ ಅತ್ತೆಯನ್ನೇ ನೋಡಿದಳು. "ಬರೂಕೆ ಅದು ಹೋಗಿದ್ದು ಯಾವಾಗ ಸಿಸ್ಟರಮ್ಮ?"

ಇಲ್ಲಿಯವರೆಗೆ ನಾವೆಲ್ಲ ನಕ್ಕೆವು. ನಗು ನಿಂತದ್ದು ಪಾಗಾರದ ವಿಷಯ ಬಂದಾಗ.

ನಮ್ಮ ಕೇರಿಯಿಂದ ಶಾಲೆಗೆ ಹೋಗಲು ಒಂದು ತೆಂಗಿನ ತೋಟದ ನಡುವೆ ಕಾಲುದಾರಿಯಿತ್ತು. ಆ ತೋಟ, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ಒಬ್ಬ ಕೊಂಕಣಿಗರದ್ದು. ಅವರಪ್ಪನ ಕಾಲದಿಂದಲೂ ಊರವರು ಅವರ ಅಡಿಗೆಮನೆಯ ಬಾಗಿಲ ಎದುರಿಂದಲೇ ಹಾದುಹೋಗುತ್ತಿದ್ದರು. ಅತ್ತೆ ಇಲ್ಲದ ಸಮಯದಲ್ಲಿ ಮ್ಯಾನೇಜರರು ಸುತ್ತಲೂ ಚಿರೆಕಲ್ಲಿನ ಪಾಗಾರ ಗೋಡೆ ಕಟ್ಟಿಸಿದರು. ತೆಂಗಿನಕಾಯಿ ಕಳುವಾಗುತ್ತದೆ ಎಂಬುದು ಕಾರಣ. ಮಕ್ಕಳು ಈಗ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ, ಸುತ್ತು ಹಾಕಿ ಹೋಗಬೇಕಿತ್ತು. ಊರಿನಲ್ಲಿ ಎಲ್ಲರೂ ಬೈದರು. ಎಲ್ಲರೂ ಸುತ್ತು ಹಾಕಿದರು.

ಅತ್ತೆ ಬೈಯಲಿಲ್ಲ. ಒಂದು ಬೆಳಿಗ್ಗೆ ಆರೂವರೆಗೆ ಕೊಡೆ ಹಿಡಿದು ಹೋಗಿ ಮ್ಯಾನೇಜರರ ಗೇಟು ತಟ್ಟಿದಳು.

"ನಾನು ಆ ಬದಿಗೆ ನಡೆದು ಹೋಗಬಹುದಾ?"

ಮ್ಯಾನೇಜರರು ಸಭ್ಯರು. ಕೊಡೆ ಹಿಡಿದು ನಿಂತ ನಲವತ್ತಾರು ವರ್ಷದ ನರ್ಸಮ್ಮ ಕಾಯಿ ಕದಿಯುತ್ತಾಳೆಂದು ಹೇಳುವುದು ಹೇಗೆ? ಗೇಟು ತೆಗೆದರು, ಹಿಂದಿನ ಗೇಟಿನವರೆಗೆ ತಾವೂ ನಡೆದು ಅದನ್ನೂ ತೆಗೆದರು. ನಡುವೆ ಅತ್ತೆ ಹವೆಯ ವಿಷಯ ಮಾತಾಡಿದಳು. ಮರುದಿನ ಆರೂವರೆಗೆ ಮತ್ತೆ ತಟ್ಟಿದಳು. ಅದರ ಮರುದಿನವೂ.

ಎರಡನೆಯ ವಾರ ಮ್ಯಾನೇಜರರು ಸೋತ ದನಿಯಲ್ಲಿ ಕೇಳಿದರು, "ಸಿಸ್ಟರ್, ಆಚೆ ಬದಿಗೆ ನಿಮಗೆ ದಿನಾ ಎಂತ ಕೆಲಸ?"

"ಎಂತದೂ ಇಲ್ಲ. ಹೋಗಿ ರಸ್ತೆ ಮೇಲೆ ತಿರುಗಿ ಬರ್ತೆ."

"ಹಂಗಾದ್ರೆ ಯಾಕೆ?"

"ದಾರಿ ಇದೆ ಅಲ್ದಾ, ಅದಕ್ಕೆ."

ಅಷ್ಟರಲ್ಲಿ ಅಡಿಗೆಮನೆಯ ಪಕ್ಕದ ಕಿಟಕಿಯಿಂದ ಒಂದು ಸಣ್ಣ ದನಿ ಬಂತು. "ಕೋಣ ತೆಂ?" ಯಾರದು, ಎಂದು ಕೊಂಕಣಿಯಲ್ಲಿ ಕೇಳಿದ್ದು ಮ್ಯಾನೇಜರರ ಹೆಂಡತಿ. ಊರಿಗೆಲ್ಲ ಅವರು ಬಾಯಮ್ಮ. ಅವರು ಮುಂಬೈಯಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ಕೇರಿಯವರೆಲ್ಲ ನಂಬಿದ್ದರು. ಅತ್ತೆ ಕೊಡೆಯನ್ನು ಮ್ಯಾನೇಜರರ ಕೈಗೆ ಕೊಟ್ಟು, ಕೇಳದೆ, ಒಳಗೆ ಹೋದಳು.

ಬಾಯಮ್ಮ ಹತ್ತು ತಿಂಗಳಿಂದ ಹಾಸಿಗೆಯಲ್ಲಿದ್ದರು. ಬಲಗಡೆಯ ಕೈಕಾಲು ಬಿದ್ದುಹೋಗಿತ್ತು. ಹೆಂಡತಿಯನ್ನು ಆ ಸ್ಥಿತಿಯಲ್ಲಿ ಯಾರೂ ನೋಡಬಾರದೆಂದು ಮ್ಯಾನೇಜರರು ಯಾರಿಗೂ ಹೇಳಿರಲಿಲ್ಲ. ಅನ್ನ ಬೇಯಿಸಿ ಉಣಿಸುವುದನ್ನು ಕಲಿತಿದ್ದರು, ಮೈ ಒರೆಸುವುದನ್ನು ಕಲಿತಿದ್ದರು. ಹೊರಳಿಸಿ ಮಲಗಿಸಬೇಕೆಂಬುದು ಗೊತ್ತಿರಲಿಲ್ಲ. ಬೆನ್ನು ಹುಣ್ಣಾಗಿತ್ತು. ಅತ್ತೆ ಬಿಸಿನೀರು ಕೇಳಿದಳು, ಹಳೆಯ ಪಂಚೆ ಕೇಳಿದಳು. ಬೆನ್ನು ತೊಳೆಯುವಾಗ ಬಾಯಮ್ಮ ನೋವಿನ ಮಾತೇ ಆಡಲಿಲ್ಲವಂತೆ. "ಮೊದಲು ಎಲ್ಲ ಇಲ್ಲೇ ಹೋಗ್ತಿದ್ರು. ಮಕ್ಕಳು ನೀರು ಕೇಳ್ತಿದ್ರು. ಈಗ ಯಾರೂ ಬರೂದಿಲ್ಲ ಯಾಕೆ?" ಎಂದಷ್ಟೇ ಕೇಳಿದರಂತೆ. ಅವರು ಹಾಸಿಗೆ ಹಿಡಿದ ಮೇಲೆ ಕಟ್ಟಿಸಿದ ಪಾಗಾರದ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ.

ಅತ್ತೆ ಮ್ಯಾನೇಜರರ ಮುಖ ನೋಡಿದಳು. ಅವರು ಕೊಡೆ ಹಿಡಿದುಕೊಂಡೇ ನೆಲ ನೋಡುತ್ತಿದ್ದರು.

ಮುಂದಿನ ಭಾನುವಾರ ನಾನು ಕುಮಟೆಯಿಂದ ಬಂದಾಗ ಪಾಗಾರದ ಎರಡೂ ಬದಿಯಲ್ಲಿ ಒಬ್ಬರು ನಡೆಯುವಷ್ಟು ಅಗಲಕ್ಕೆ ಕಲ್ಲು ಕೀಳಿಸಿದ್ದರು. ಕೆಲಸದವರು ಬರುವವರೆಗೂ ಕಾಯದೆ ಮೊದಲ ಕಲ್ಲುಗಳನ್ನು ಮ್ಯಾನೇಜರರೇ ಕಿತ್ತರೆಂದು ಅಪ್ಪ ಹೇಳಿದ. ಸೋಮವಾರ ಮಕ್ಕಳು ಕಿಟಕಿಯ ಎದುರಿಂದ ಹೋದರು. ಬಾಯಮ್ಮ ಕೆಲವರನ್ನು ಅವರ ಅಣ್ಣಂದಿರ ಹೆಸರು ಹಿಡಿದು ಕರೆದರು. ಮಕ್ಕಳು ತಿದ್ದಲು ಹೋಗಲಿಲ್ಲ. ಅದಾದ ಮೇಲೆ ಒಂದೂವರೆ ವರ್ಷ ಬಾಯಮ್ಮ ಬದುಕಿದ್ದರು. ಬೆನ್ನಿನ ಹುಣ್ಣು ಪೂರ್ತಿ ಮಾಯ್ದಿತ್ತು. ತೋಟದಲ್ಲಿ ಕಾಯಿ ಮೊದಲಿನಂತೆ ಕಳುವಾಗುತ್ತಲೇ ಇತ್ತು.

ಬಾಯಮ್ಮ ತೀರಿಹೋದ ವಾರವೂ ಅತ್ತೆ ನಡೆಯುವುದನ್ನು ಬಿಡಲಿಲ್ಲ. ಸಂಜೆ ಅವಳ ಜೊತೆ ಆ ದಾರಿಯಲ್ಲಿ ನಡೆಯುತ್ತಿದ್ದಾಗ ನಾನು ಕೇಳಿದೆ, "ಅತ್ತೆ, ಕಿಟಕಿ ಒಳಗೆ ಯಾರೋ ಇದ್ದಾರೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಮಗ." ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು. "ಅಲ್ಲಿ ಆಶ್ರಮದಲ್ಲಿ ಒಬ್ಳು ಅಜ್ಜಿ ಇದ್ಳು. ಅವಳ ಕಿಟಕಿ ಗದ್ದೆ ಬದಿಗೆ. ಸಂಜೆ ಔಷಧಿ ಕೊಡೂಕೆ ಹೋದ್ರೆ, ಇವತ್ತು ದಾರೀಲಿ ಇಷ್ಟು ಜನ ಹೋದ್ರು ಅಂತ ಹೇಳೂದು. ಚಳಿಗಾಲದಲ್ಲಿ ಯಾರು ಹೋಗ್ತ್ರು? ಯಾರೂ ಇಲ್ಲ ಅಂತ ಹೇಳಿ ಗೋಡೆ ಬದಿಗೆ ತಿರುಗಿ ಮಲಗ್ತಿತ್ತು. ಅದಕ್ಕೆ ರಜೆ ದಿವಸ ನಾನೇ ಹೋಗ್ತಿದ್ದೆ. ಎರಡು ಸಲ. ಒಂದು ಸಲ ಕೋಟು ಹಾಕಂಡು, ಒಂದು ಸಲ ತಲೆಗೆ ಶಾಲು ಕಟ್ಕಂಡು. ಇಬ್ರು ಹೋದ ಹಂಗೆ ಆತು ಅಂತ."

"ಅಜ್ಜಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಿತ್ತು ಕಾಣ್ತದೆ" ಎಂದಳು ಅತ್ತೆ. "ಒಂದು ದಿವಸ ನನ್ನ ಕೈ ಹಿಡ್ಕಂಡು ಹೇಳ್ತು, ಆ ಶಾಲಿನವಳಿಗೆ ಚಳಿ ಆಗ್ತದೆ, ಒಳಗೆ ಬಾ ಅಂತ ಹೇಳು ಅಂತ."